ಹಲವರ ಲೆಕ್ಕ, ಒಂದೇ ಮೊತ್ತ

1ರಿಂದ 800ರವರೆಗಿನ ಸಂಖ್ಯೆಗಳ ಮೊತ್ತ 320400 ಎಂಬುದನ್ನು ನಾವು ಸೂತ್ರದಿಂದಲೇ ಬಲ್ಲೆವು. ಈ ಸಂಕಲನವನ್ನು ಎಂಟು ಪ್ರೊಸೆಸರುಗಳುಳ್ಳ ಗಣಕಯಂತ್ರಕ್ಕೆ ವಹಿಸಿ, ಒಂದೊಂದಕ್ಕೂ ನೂರು ಸಂಖ್ಯೆಗಳನ್ನು ಹಂಚಿಕೊಡೋಣ. ಅವೆಲ್ಲಕ್ಕೂ ಸ್ಮೃತಿ ಒಂದೇ. ಮೊತ್ತವನ್ನು ಬರೆಯುವ ಕೋಶವೂ ಒಂದೇ. ಉತ್ತರ ಸರಿಯಾಗಿ ಬಂದೀತೆ? ಬಾರದೆಯೂ ಹೋಗಬಹುದು.

ಕಾರಣವನ್ನು ಪರಿಶೀಲಿಸೋಣ. ಮೊತ್ತಕ್ಕೆ ಒಂದು ಸಂಖ್ಯೆಯನ್ನು ಸೇರಿಸುವುದೆಂದರೆ ಯಂತ್ರಕ್ಕೆ ಮೂರು ಕ್ರಿಯೆಗಳು: ಕೋಶವನ್ನು ಓದುವುದು, ಕೂಡುವುದು, ಮರಳಿ ಬರೆಯುವುದು. ಕೋಶದಲ್ಲಿ 40 ಇರುವಾಗ ಎರಡು ಪ್ರೊಸೆಸರುಗಳು ಒಟ್ಟಿಗೆ ಅದನ್ನು ಓದಿದುವೆನ್ನೋಣ. ಒಂದು 5ನ್ನು ಕೂಡಿ 45 ಎಂದು ಬರೆಯುತ್ತದೆ. ಮರುಕ್ಷಣವೇ ಇನ್ನೊಂದು 7ನ್ನು ಕೂಡಿ, ಅದರ ಮೇಲೆಯೇ 47 ಎಂದು ಬರೆಯುತ್ತದೆ. 52 ಇರಬೇಕಾದೆಡೆ 47 ಉಳಿಯಿತು. ಯಂತ್ರವು ಈ ತಪ್ಪನ್ನು ಸೂಚಿಸುವುದೂ ಇಲ್ಲ.

ಒಂದರ ಸರದಿ ಮುಗಿಯುವವರೆಗೆ ಉಳಿದವನ್ನು ತಡೆದರೆ ಉತ್ತರ ಸರಿಹೋಗುತ್ತದೆ. ಆದರೆ ಪ್ರತಿ ಸಂಖ್ಯೆಗೂ ಕಾಯುತ್ತ ನಿಂತರೆ ಎಂಟು ಪ್ರೊಸೆಸರುಗಳಿಂದ ಲಾಭವೇನು? ಮೇಲಾದ ಉಪಾಯ ಬೇರೆ. ಪ್ರತಿಯೊಂದೂ ತನ್ನ ನೂರು ಸಂಖ್ಯೆಗಳನ್ನು ತನ್ನದೇ ಕೋಶದಲ್ಲಿ ಕೂಡಿಡಲಿ: ಮೊದಲನೆಯದರಲ್ಲಿ 5050, ಕೊನೆಯದರಲ್ಲಿ 75050. ಎಲ್ಲವೂ ಮುಗಿದ ಮೇಲೆ ಎರಡೆರಡನ್ನು ಕೂಡುತ್ತ ಬಂದರೆ ಎಂಟು ನಾಲ್ಕಾಗಿ, ನಾಲ್ಕು ಎರಡಾಗಿ, ಮೂರೇ ಹಂತಗಳಲ್ಲಿ 320400 ದೊರೆಯುತ್ತದೆ. 1997ರಲ್ಲಿ ಪ್ರಕಟವಾದ ಓಪನ್‌ಎಂಪಿ ನಿಯಮಾವಳಿಯಂತೆ ‘ರಿಡಕ್ಷನ್’ ಎಂಬ ಸೂಚನೆಯನ್ನಿತ್ತರೆ, ಬೇರೆಬೇರೆ ಕೋಶಗಳ ಏರ್ಪಾಟನ್ನೂ ಕೊನೆಯ ಜೋಡಣೆಯನ್ನೂ ಕಂಪೈಲರೇ ನೋಡಿಕೊಳ್ಳುತ್ತದೆ.

ಮೊದಲಿನ ಕ್ರಮದಿಂದಲೂ ಹತ್ತು ಬಾರಿ ಸರಿಯುತ್ತರ ಬಂದೀತು; ಹನ್ನೊಂದನೆಯ ಬಾರಿ ತಪ್ಪೀತು. ಆದುದರಿಂದ ಉತ್ತರವೊಂದನ್ನೇ ನೋಡಿ ಕ್ರಮವನ್ನು ಮೆಚ್ಚಬಾರದೆಂಬುದನ್ನು ನಾವು ಮರೆಯಲಾಗದು.