ಇಂದಿನ ಧಮ್ಮ ಚಿಂತನೆ: 1.8 ಸೆಕೆಂಡು

 

ಇಂದು ಸಂಘದ ಬಗ್ಗೆ ಯೋಚಿಸೋಣ. ಉದಾಹರಣೆ ಮಾತ್ರ ದೂರದ್ದು, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಅಂಗಳದ್ದು.

ಫಿಲ್ ಜಾಕ್ಸನ್ ಅಲ್ಲಿನ ಹೆಸರಾಂತ ಕೋಚ್. ಶಿಕಾಗೊ ಬುಲ್ಸ್‌ಗೆ 6, ಲಾಸ್ ಏಂಜಲಿಸ್ ಲೇಕರ್ಸ್‌ಗೆ 5, ಒಟ್ಟು 11 ಬಾರಿ ಎನ್‌ಬಿಎ ಪ್ರಶಸ್ತಿ ಗೆಲ್ಲಿಸಿಕೊಟ್ಟವರು. ತಂದೆ ತಾಯಿ ಇಬ್ಬರೂ ಕ್ರೈಸ್ತ ಬೋಧಕರು. ಮಗ ದೊಡ್ಡವನಾದ ಮೇಲೆ ಝೆನ್ ಬೌದ್ಧರ ಧ್ಯಾನ ಕಲಿತು, ಅದನ್ನು ತಂಡಕ್ಕೂ ತಂದರು. ಕೋಟಿಗಟ್ಟಲೆ ಸಂಬಳದ ಆಟಗಾರರು ಕಣ್ಣು ಮುಚ್ಚಿ ಉಸಿರನ್ನು ಗಮನಿಸುತ್ತಾ ಕೂರುತ್ತಿದ್ದರು. ಕಲಿಸಲು ಬಂದ ಗುರು ಜಾರ್ಜ್ ಮಮ್ಫರ್ಡ್ ಕಪ್ಪು ಜನಾಂಗದವರು, ಹೆರಾಯಿನ್ ಚಟದಿಂದ ಎದ್ದು ಬಂದವರು. (ಧ್ಯಾನ ಎಂದರೆ ಮೂಗು ಮುರಿಯುವ ನಮ್ಮ ಗೆಳೆಯರು ಇದನ್ನು ಗಮನಿಸಲಿ.)

ಜಾಕ್ಸನ್ ತಂಡ ಆಡುತ್ತಿದ್ದದ್ದು ಟೆಕ್ಸ್ ವಿಂಟರ್ ಎಂಬ ಹಿರಿಯ ಕೋಚ್ ಬೆಳೆಸಿದ 'ಟ್ರಯಾಂಗಲ್' ಕ್ರಮ. ಅಂಗಳದ ಒಂದು ಬದಿಯಲ್ಲಿ ಮೂವರು ತ್ರಿಕೋನವಾಗಿ ನಿಲ್ಲುತ್ತಾರೆ, ಇನ್ನಿಬ್ಬರು ಆಚೆ ಬದಿ. ಚೆಂಡು ಯಾರಿಗೆ ಎಂದು ಮೊದಲೇ ಬರೆದಿಟ್ಟಿರುವುದಿಲ್ಲ, ಯಾರು ಬಿಡುವಾಗಿದ್ದಾರೋ ಅವರಿಗೆ. 1991ರ ಫೈನಲ್ಸ್‌ನ ಕೊನೆಯ ಪಂದ್ಯದಲ್ಲಿ ಎದುರಾಳಿಗಳು ಮೈಕಲ್ ಜೋರ್ಡನ್‌ರನ್ನು ಮುತ್ತಿಕೊಂಡಾಗ ಚೆಂಡು ಜಾನ್ ಪ್ಯಾಕ್ಸನ್ ಕೈಗೆ ಹೋಯಿತು. ಬುಲ್ಸ್‌ಗೆ ಅದು ಮೊದಲ ಪ್ರಶಸ್ತಿ.

ಗೆದ್ದ ಕಥೆಗಿಂತ 1994ರ ಮೇ ತಿಂಗಳ ಒಂದು ಪಂದ್ಯದಿಂದ ನಾವು ಕಲಿಯುವುದು ಹೆಚ್ಚು. ಜೋರ್ಡನ್ ನಿವೃತ್ತರಾಗಿದ್ದರು. ತಂಡವನ್ನು ಹೊತ್ತು ತಂದದ್ದು ಸ್ಕಾಟಿ ಪಿಪ್ಪೆನ್. ನ್ಯೂಯಾರ್ಕ್ ನಿಕ್ಸ್ ಎದುರು 102-102 ಸಮ, ಉಳಿದದ್ದು 1.8 ಸೆಕೆಂಡು. ಕೊನೆಯ ಹೊಡೆತ ಟೋನಿ ಕುಕೊಚ್‌ಗೆ, ಪಿಪ್ಪೆನ್ ಚೆಂಡು ಎಸೆದುಕೊಡಬೇಕು ಎಂದರು ಜಾಕ್ಸನ್. ಪಿಪ್ಪೆನ್ ಅಂಗಳಕ್ಕೆ ಹೋಗಲಿಲ್ಲ, ಬೆಂಚಿನಲ್ಲೇ ಕುಳಿತರು. ಕುಕೊಚ್ ಹೊಡೆದರು, ಬುಲ್ಸ್ ಗೆದ್ದಿತು.

ಗೆದ್ದರೂ ಡ್ರೆಸ್ಸಿಂಗ್ ರೂಮಿನಲ್ಲಿ ಸಂತೋಷವಿರಲಿಲ್ಲ. ಜಾಕ್ಸನ್ ಬೈಯಲಿಲ್ಲ, ದಂಡ ಹಾಕಲಿಲ್ಲ. ನೀವೇ ಮಾತಾಡಿ ಬಗೆಹರಿಸಿಕೊಳ್ಳಿ ಎಂದು ಹೊರನಡೆದರು. ಹಿರಿಯ ಆಟಗಾರ ಬಿಲ್ ಕಾರ್ಟ್‌ರೈಟ್ ಕಣ್ಣೀರಿನಲ್ಲೇ ಮಾತಾಡಿದರು: ಜೋರ್ಡನ್ ಇಲ್ಲದೆಯೂ ಎಲ್ಲರೂ ಸೇರಿ ಇಷ್ಟು ದೂರ ಬಂದೆವು, ನೀನು ಹೀಗೆ ಮಾಡಬಹುದೇ ಎಂಬ ಅರ್ಥದಲ್ಲಿ. ಪಿಪ್ಪೆನ್ ಕ್ಷಮೆ ಕೇಳಿದರು. ಮುಂದಿನ ಪಂದ್ಯವನ್ನೂ ಬುಲ್ಸ್ ಗೆದ್ದಿತು.

ಇದನ್ನು ಓದುವಾಗ ಕೋಸಂಬಿ ನೆನಪಾಗದೆ ಇರದು. ಪಾತ್ರೆಯಲ್ಲಿ ಉಳಿದ ನೀರಿನ ವಿಷಯಕ್ಕೆ ಭಿಕ್ಖುಗಳು ಎರಡು ಪಂಗಡವಾದರು. ಭಗವಾನರು ಮತ್ತೆ ಮತ್ತೆ ಬುದ್ಧಿ ಹೇಳಿದರು, ಕೇಳಲಿಲ್ಲ. ಆಗ ಒಬ್ಬರೇ ಪಾರಿಲೇಯ್ಯ ವನಕ್ಕೆ ಹೊರಟರು. ಊರ ಉಪಾಸಕರು ಭಿಕ್ಷೆ ನಿಲ್ಲಿಸಿದ ಮೇಲೆ ಭಿಕ್ಖುಗಳು ತಾವೇ ದಾರಿಗೆ ಬಂದರು. ನಾಯಕ ಪಕ್ಕಕ್ಕೆ ಸರಿದಾಗಲೇ ಸಂಘ ತನ್ನ ಕಾಲ ಮೇಲೆ ನಿಲ್ಲಲು ಕಲಿಯುವುದು. ಎಲ್ಲದಕ್ಕೂ ಅಧ್ಯಕ್ಷರತ್ತಲೇ ನೋಡುವ ನಮ್ಮ ಸಮಿತಿಗಳ ಪಾಡು ನಿಮಗೆ ಗೊತ್ತೇ ಇದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 27 ವರ್ಷಗಳ ನಂತರ, 2021ರಲ್ಲಿ, ಆ ನಿರ್ಧಾರದ ಹಿಂದೆ ಜನಾಂಗದ ವಿಷಯವಿತ್ತು ಎಂದು ಪಿಪ್ಪೆನ್ ಹೇಳಿದರು. ಪಿಪ್ಪೆನ್ ಕಪ್ಪು, ಜಾಕ್ಸನ್ ಬಿಳಿಯ, ಕುಕೊಚ್ ಕ್ರೊಯೇಷಿಯಾದಿಂದ ಬಂದ ಬಿಳಿಯ, ತಂಡದಲ್ಲಿ ಮೊದಲ ವರ್ಷ. ಆ ವರ್ಷ ಕೊನೆಯ ಗಳಿಗೆಯ ಹೊಡೆತಗಳಿಂದ ಕುಕೊಚ್ ತಂಡವನ್ನು ಗೆಲ್ಲಿಸಿದ್ದೂ ನಿಜ, ಹಾಗಾಗಿ ಜಾಕ್ಸನ್ ಲೆಕ್ಕದಲ್ಲಿ ಆಟದ ನ್ಯಾಯವಿತ್ತು ಎಂದೇ ನನಗನಿಸುತ್ತದೆ. ಬೆಂಚಿನಲ್ಲಿ ಕುಳಿತದ್ದು ಜೊತೆಗಾರರಿಗೆ ಮಾಡಿದ ನೋವು, ಅದೂ ಸರಿ. ಆದರೆ ವರ್ಷವೆಲ್ಲ ಭಾರ ಹೊತ್ತವನಿಗೆ ಕೊನೆಯ ಕ್ಷಣದಲ್ಲಿ 'ನೀನು ಎಸೆದುಕೊಡು ಸಾಕು' ಎಂದರೆ ಹೇಗನಿಸುತ್ತದೆ? ಅದನ್ನು ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ.

1949ರ ನವೆಂಬರ್ 25ರಂದು ಬಾಬಾಸಾಹೇಬರು ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳನ್ನು ಒಂದರಿಂದ ಒಂದು ಬೇರ್ಪಡಿಸಲಾಗದು ಎಂದರು. 'ಒಗ್ಗಟ್ಟು ಮುಖ್ಯ, ಈಗ ಆ ಮಾತು ಬೇಡ' ಎಂದು ಬಾಯಿ ಮುಚ್ಚಿಸುವವರು ಬಂಧುತ್ವದಿಂದ ಸಮಾನತೆಯನ್ನು ಬೇರ್ಪಡಿಸುತ್ತಾರೆ. ಆ ರಾತ್ರಿ ಕಾರ್ಟ್‌ರೈಟ್ ಮನಸ್ಸು ಬಿಚ್ಚಿದರು, ಪಿಪ್ಪೆನ್ ತಗ್ಗಿದರು. ಪಿಪ್ಪೆನ್ ಎದೆಯಲ್ಲಿದ್ದ ಮಾತು ಬಹಿರಂಗವಾಗಲು ಮಾತ್ರ 27 ವರ್ಷ ಬೇಕಾಯಿತು.

ಭಾನುವಾರದ ಅಧ್ಯಯನಕ್ಕೆ ಬರುವವರು ಇದನ್ನು ಯೋಚಿಸಿಕೊಂಡು ಬನ್ನಿ: ಆ ರೂಮಿನಲ್ಲಿ ನೀವಿದ್ದರೆ ಪಿಪ್ಪೆನ್‌ಗೆ ಏನು ಹೇಳುತ್ತಿದ್ದಿರಿ? ಬಾಗಿಲಾಚೆ ನಿಂತ ಜಾಕ್ಸನ್‌ರನ್ನು ಏನು ಕೇಳುತ್ತಿದ್ದಿರಿ?

ಭವತು ಸಬ್ಬ ಮಂಗಲಂ. ಜೈ ಭೀಮ್.