ಮಾಲ್‌ವೇರ್ ಶಂಕೆ: ಖಾತೆಗೆ ಬೀಗ ಬಿದ್ದಾಗ

ಮಾಲ್‌ವೇರ್ ಶಂಕೆಯಿಂದ ಫೇಸ್‌ಬುಕ್ ಖಾತೆಗೆ ಬೀಗ ಬಿದ್ದಾಗ ದೋಷ ಹೆಚ್ಚಾಗಿ ಖಾತೆಯಲ್ಲಲ್ಲ, ಕಂಪ್ಯೂಟರಿನಲ್ಲಿರುತ್ತದೆ. ವಿಡಿಯೊ ಇಳಿಸಿಕೊಡುವ, ಕೂಪನ್ ಹುಡುಕಿಕೊಡುವ ಬಿಟ್ಟಿ ಬ್ರೌಸರ್ ಎಕ್ಸ್‌ಟೆನ್ಷನ್‌ಗಳ ಮೇಲೆಯೇ ಮೊದಲ ಅನುಮಾನ. ಗುರುತಿಲ್ಲದವನ್ನೆಲ್ಲ ತೆಗೆದುಹಾಕಿ, ವಿಂಡೋಸ್‌ನಲ್ಲೇ ಇರುವ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ನಡೆಸಬೇಕು. ಸುಮಾರು 15 ನಿಮಿಷದ ಕೆಲಸ. ಪಾಸ್‌ವರ್ಡ್ ಬದಲಾವಣೆ ಆಮೇಲೆ. ಸೋಂಕಿರುವ ಯಂತ್ರದಲ್ಲಿ ಒತ್ತಿದ ಹೊಸ ಪಾಸ್‌ವರ್ಡೂ ಕಳ್ಳರ ಕೈಸೇರಬಹುದು. ಅವಸರವಿದ್ದರೆ ನಂಬಿಕೆಯ ಬೇರೊಂದು ಫೋನ್ ಬಳಸಬಹುದು. ಕದ್ದ ಲಾಗಿನ್ ಹಾಗೆಯೇ ಚಾಲ್ತಿಯಲ್ಲಿರುವ ಸಾಧ್ಯತೆಯಿಂದಾಗಿ, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡಿ ಎರಡು ಹಂತದ ದೃಢೀಕರಣ ಹಾಕುವುದು ಅಗತ್ಯ. ಒಟಿಪಿ ಕೇಳಿ ಖಾತೆ ಬಿಡಿಸಿಕೊಡುತ್ತೇವೆ ಎನ್ನುವವರು ವಂಚಕರೇ. ಮಾಲ್‌ವೇರ್ ಸ್ಕ್ಯಾನ್‌ಗೂ ಬಗ್ಗದಿದ್ದರೆ ಕಡತಗಳ ಪ್ರತಿ ತೆಗೆದಿಟ್ಟು, ತಂತ್ರಜ್ಞರಿಂದ ವಿಂಡೋಸ್ ಹೊಸದಾಗಿ ಹಾಕಿಸುವುದು ಲೇಸು. ಬ್ಯಾಂಕಿನಿಂದ ಹಣವೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.