ಕಟ್ ಇಲ್ಲದ ಕ್ಲಿನಿಕ್ಕಿನ ಲೆಕ್ಕ

ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಯೊಂದರಲ್ಲಿ ಶ್ವಾಸಕೋಶ ತಜ್ಞೆಯಾಗಿದ್ದ ನಾನು ದಾವಣಗೆರೆಗೆ ಬಂದು ಫ್ಯಾಮಿಲಿ ಡಾಕ್ಟರ್ ಆಗಿದ್ದೇನೆ. ಅದೇ ಯೋಚನೆಯಲ್ಲಿರುವ ಕಿರಿಯ ತಜ್ಞರು ಫೋನ್ ಮಾಡಿ ಕೇಳುತ್ತಾರೆ: ‘ತಿಂಗಳಿಗೆ ಎಷ್ಟು ಬರುತ್ತೆ ಮೇಡಂ?’ ಮೊದಲು ಹೋಗುವುದನ್ನು ಬರೆಯಿರಿ ಅನ್ನುತ್ತೇನೆ.

ಬಾಡಿಗೆ, ಅಡ್ವಾನ್ಸು, ನರ್ಸಿನ ಸಂಬಳ, ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ, ಆಸ್ಪತ್ರೆ ಕಸ ಒಯ್ಯುವವರ ಶುಲ್ಕ, ಇಂಡೆಮ್ನಿಟಿ ವಿಮೆ. ಹೆಸರು ಕುದುರುವ ತನಕ ಮನೆ ನಡೆಯಲು ಒಂದು ವರ್ಷದ ಖರ್ಚು ಎಫ್‌ಡಿಯಲ್ಲಿರಲಿ. ಮನೆ ಸಾಲ ಬೇಕಿದ್ದರೆ ರಾಜೀನಾಮೆಗೆ ಮೊದಲೇ ಮಾಡಿಸಿಕೊಳ್ಳಿ. ಸ್ವಂತ ಕ್ಲಿನಿಕ್ಕಿನವರಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಎರಡು ಮೂರು ವರ್ಷದ ರಿಟರ್ನ್ಸ್ ಕೇಳುತ್ತವೆ. ಆಸ್ಪತ್ರೆಯ ಗುಂಪು ವಿಮೆ ನಿಮ್ಮ ಜೊತೆ ಬರುವುದಿಲ್ಲ, ಮನೆಯವರೆಲ್ಲರ ಪಾಲಿಸಿಯನ್ನೂ ಮುಂಚೆಯೇ ಮಾಡಿಸಿ.

ತೆರಿಗೆಗೆ ಅಷ್ಟು ಹೆದರಬೇಕಾಗಿಲ್ಲ. ವರ್ಷದ ಫೀಸು 50 ಲಕ್ಷ ದಾಟದಿದ್ದರೆ, ನಗದು ಶೇ 5ರೊಳಗಿದ್ದಲ್ಲಿ 75 ಲಕ್ಷ ದಾಟದಿದ್ದರೆ, ಅದರ ಅರ್ಧವನ್ನು ಆದಾಯವೆಂದು ತೋರಿಸಿ ತೆರಿಗೆ ಕಟ್ಟಬಹುದು. ಚಿಕಿತ್ಸೆಯ ಫೀಸಿಗೆ ಜಿಎಸ್‌ಟಿ ಇಲ್ಲ. ವಿಮಾ ಕಂಪನಿ ಬಿಲ್ ಪಾಸು ಮಾಡಲಿ ಎಂದು ಕಾಯುವ ಕೆಲಸವೂ ಇಲ್ಲ. ಸಂಜೆಯ ಹೊತ್ತಿಗೆ ದುಡಿದದ್ದು ಖಾತೆಯಲ್ಲಿರುತ್ತದೆ.

ನಾನು ಒತ್ತಿ ಹೇಳಬೇಕಾದದ್ದು ಬೇರೆ. ಬೋರ್ಡು ಹಾಕಿದ ಹೊಸದರಲ್ಲೇ ಲ್ಯಾಬಿನವರು ಬರುತ್ತಾರೆ: ನೀವು ಬರೆದುಕೊಟ್ಟ ಒಂದು ಸ್ಕ್ಯಾನಿಗೆ ನಿಮಗೆ ಇಷ್ಟು, ರಕ್ತ ಪರೀಕ್ಷೆಗೆ ಇಷ್ಟು. ವೈದ್ಯ ಮಂಡಳಿಯ 2002ರ ನೀತಿ ನಿಯಮಗಳು ಈ ‘ಕಟ್’ ಅನ್ನು ಸ್ಪಷ್ಟವಾಗಿ ನಿಷೇಧಿಸಿವೆ. ಆದರೂ ಎಷ್ಟೋ ಕ್ಲಿನಿಕ್ಕುಗಳ ಬಾಡಿಗೆ ಹುಟ್ಟುವುದು ಅದರಿಂದಲೇ. ಒಮ್ಮೆ ಅದು ನಿಮ್ಮ ಆದಾಯದ ಪಟ್ಟಿಗೆ ಸೇರಿತೆನ್ನಿ, ತಿಂಗಳ ಕೊನೆಯಲ್ಲಿ ಕೆಮ್ಮುತ್ತಾ ಬಂದವರ ಮುಂದೆ ಪೆನ್ನು ತಾನಾಗಿಯೇ ಸಿಟಿ ಸ್ಕ್ಯಾನ್ ಬರೆಯುತ್ತದೆ. ನನ್ನಲ್ಲಿಗೆ ಬರುವವರಲ್ಲಿ ಹತ್ತಿಯ ಧೂಳು ಕುಡಿದೇ ಪ್ರಾಯ ಕಳೆದ ಹಳೆಯ ಮಿಲ್ ಕಾರ್ಮಿಕರಿದ್ದಾರೆ. ಅವರ ಎದೆಗೆ ಸ್ಟೆತಸ್ಕೋಪ್ ಇಟ್ಟು ನಾಲ್ಕು ಪ್ರಶ್ನೆ ಕೇಳಿದರೆ ತಿಳಿಯುವುದಕ್ಕೆ ಅವರ ಪೆನ್ಷನ್ ಮುರಿಸುವುದು ಅನ್ಯಾಯ.

ಹಾಗಾಗಿ ನಾನು ಕಟ್ ತೆಗೆದುಕೊಳ್ಳುವುದಿಲ್ಲ, ಬದಲಿಗೆ ನನ್ನ ಫೀಸು ಸುತ್ತಲಿನವರಿಗಿಂತ ಸ್ವಲ್ಪ ಹೆಚ್ಚು. ಅದನ್ನು ಬಾಗಿಲಲ್ಲೇ ಬರೆಸಿದ್ದೇನೆ, ಕೇಳಿದವರಿಗೆ ಕಾರಣವನ್ನೂ ಹೇಳುತ್ತೇನೆ. ಫೀಸೊಂದರಿಂದಲೇ ನಿಮ್ಮ ಲೆಕ್ಕ ಕೂಡದಿದ್ದರೆ ಮುಖ್ಯ ರಸ್ತೆ ಬಿಟ್ಟು ಒಳರಸ್ತೆಯ ಚಿಕ್ಕ ಜಾಗ ನೋಡಿ. ಅದೂ ಸಾಲದಿದ್ದರೆ, ನಾನು ಮಾಡುವಂತೆ ವಾರಕ್ಕೆರಡು ಮಧ್ಯಾಹ್ನ ಯಾವುದಾದರೂ ನರ್ಸಿಂಗ್ ಹೋಮಿನಲ್ಲಿ ನಿಮ್ಮ ತಜ್ಞತೆಯ ಕೆಲಸವನ್ನೇ ಮಾಡಿ ಬನ್ನಿ.